ಅವಸರದಲ್ಲಿ ಇಟ್ಟ ಹೆಸರು

ಎರಡನೇ ಸಲವೂ ನೇಮಕಾತಿ ಪರೀಕ್ಷೆಯಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದೆ. ಮಲವಗೊಪ್ಪದ ನಮ್ಮ ಹಿತ್ತಲ ಬೇಲಿಯಲ್ಲಿ ಗುಬ್ಬಿಗಿಂತ ತೆಳ್ಳಗಿನ ಹಕ್ಕಿಯೊಂದು ‘ಚೆಕ್, ಚೆಕ್’ ಎನ್ನುತ್ತಿತ್ತು. ಚಳಿಗಾಲದ ವಲಸೆ ಹಕ್ಕಿ, ಗ್ರೀನಿಶ್ ವಾರ್ಬ್ಲರ್ ಎಂದು ನೋಟ್‌ಬುಕ್ಕಿನಲ್ಲಿ ಬರೆದೇಬಿಟ್ಟೆ. ‘ರೆಕ್ಕೆ ಮೇಲೆ ಬಿಳಿ ಗೆರೆ ಇತ್ತೇನೋ?’ ಎಂದ ಗೆಳೆಯ. ನೋಡಿರಲೇ ಇಲ್ಲ!

ಮೂರು ಬೆಳಿಗ್ಗೆ ಕಾದೆ. ಗೆರೆಯಿಲ್ಲ, ಮೈ ಮಾಸಲು ಕಂದು, ಕೊಕ್ಕು ಉದ್ದ, ಓಡಾಟ ಪೊದೆಯೊಳಗೆ. ಗ್ರೀನಿಶ್ ಆದರೆ ಮರದ ಮೇಲಿದ್ದು ‘ಚಿ-ವೀ’ ಎನ್ನುತ್ತದೆ. ಇದು ಬ್ಲೈತ್ಸ್ ರೀಡ್ ವಾರ್ಬ್ಲರ್. ಫಿನ್ಲೆಂಡ್, ರಷ್ಯಾ, ಮಧ್ಯ ಏಷ್ಯಾದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಹಕ್ಕಿ.

ಹಳೆಯ ಹೆಸರಿನ ಮೇಲೆ ಗೀಟು ಎಳೆದಾಗ ಹೊಳೆಯಿತು: ಪರೀಕ್ಷೆಯಲ್ಲೂ ಪ್ರಶ್ನೆ ಅರ್ಧ ಓದಿಯೇ ಉತ್ತರ ಗುರುತಿಸುತ್ತಿದ್ದೆ. ಈ ಸಲ ಪೂರ್ತಿ ಓದಿ ಬರೆದಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲ. ಹಕ್ಕಿ ಮಾತ್ರ ಮತ್ತೆ ಬೇಲಿಗೆ ಬಂದಿದೆ.