ಬಿರುದಿಗೊಂದು ಲೆಕ್ಕವಿತ್ತು

ಗಂಡ, ಸಿಂಗ, ಭೀಮ, ಮಾರ್ತಾಂಡ, ಕಾಲದಂಡ. ಕನ್ನಡ ಶಾಸನಗಳಲ್ಲಿ ಅರಸನ ಹೆಸರಿಗೂ ಮುಂಚೆ ಇಂಥ ಮಾತುಗಳು ಸಾಲುಗಟ್ಟಿ ಬರುತ್ತವೆ. ಹೊಗಳುಭಟರ ಉಬ್ಬುಮಾತೆಂದು ನಾವು ಅವನ್ನು ದಾಟಿಬಿಡುತ್ತೇವೆ. ನಿಂತು ಓದಿದರೆ ಒಂದೊಂದು ಬಿರುದಿನ ಹಿಂದೆಯೂ ಒಂದು ಲೆಕ್ಕ ಕಾಣುತ್ತದೆ.

ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಈ ದಿಟ್ಟತನದ ದನಿಯಿದೆ. ಒಳ್ಳೆಯವರಿಗೆ ಒಳ್ಳೆಯವನು, ಕೇಡು ಬಗೆದವರಿಗೆ ಸಾಕ್ಷಾತ್ ಮಾಧವ ಎಂದು ಅದು ಅವನ ನಡತೆಯನ್ನು ತ್ರಿಪದಿಯಲ್ಲಿ ಸಾರುತ್ತದೆ.

ಬಿರುದಿನ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಸಿಗುವುದು ಗಂಗರ ದಂಡನಾಯಕ ಚಾವುಂಡರಾಯನಲ್ಲಿ. 978ರ ‘ಚಾವುಂಡರಾಯ ಪುರಾಣ’ ಅವನ ಬಿರುದುಗಳ ಜೊತೆಗೆ ಕಾಳಗಗಳನ್ನೂ ಹೆಸರಿಸುತ್ತದೆ. ಗೋನೂರಿನಲ್ಲಿ ನೊಳಂಬರನ್ನು ಎದುರಿಸಿದ್ದಕ್ಕೆ ‘ವೀರಮಾರ್ತಾಂಡ’, ಉಚ್ಚಂಗಿ ಕೋಟೆಯಲ್ಲಿ ಕಾದಿದ್ದಕ್ಕೆ ‘ರಣರಂಗಸಿಂಗ’. ಅದೇ ಸಾಲಿನಲ್ಲಿ, ತಮಾಷೆಗೂ ಸುಳ್ಳಾಡದ ಗುಣಕ್ಕೆ ‘ಸತ್ಯಯುಧಿಷ್ಠಿರ’ ಎಂಬುದೂ ಇದೆ. ಕತ್ತಿಯ ಧೈರ್ಯಕ್ಕೂ ನಾಲಿಗೆಯ ಧೈರ್ಯಕ್ಕೂ ಸಮನಾದ ಮನ್ನಣೆ!

ಮುಂದೆ ಬಿರುದು ಕಾವ್ಯದ ಹೆಸರೇ ಆಯಿತು. ಚಾಲುಕ್ಯ ಸತ್ಯಾಶ್ರಯ ‘ಸಾಹಸಭೀಮ’ನಾಗಿದ್ದರಿಂದ ರನ್ನನ ‘ಗದಾಯುದ್ಧ’ಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರೂ ಬಂತು. ಆ ಕವಿಯೂ ‘ಕವಿಚಕ್ರವರ್ತಿ’ ಎನಿಸಿಕೊಂಡ.

ವಿಜಯನಗರದ ಅರಸರು ‘ಭಾಷೆಗೆ ತಪ್ಪುವ ರಾಯರ ಗಂಡ’ರಾದರು. ಕೊಟ್ಟ ಮಾತಿಗೆ ತಪ್ಪುವ ದೊರೆಗಳನ್ನು ದಂಡಿಸುವವನು ಎಂದರ್ಥ. ಹಾಗೆ ಕರೆಸಿಕೊಂಡವನು ತಾನು ಮಾತಿಗೆ ತಪ್ಪುವಂತಿಲ್ಲ. ಶ್ರವಣಬೆಳಗೊಳದ 1368ರ ಶಾಸನದಲ್ಲಿ ಬುಕ್ಕರಾಯನಿಗೆ ಈ ಬಿರುದಿದೆ. ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅವನು ಅಭಯವಿತ್ತ ಶಾಸನವದು. ಆ ಬಿರುದು ಅದಕ್ಕಿಂತ ತಕ್ಕ ಜಾಗದಲ್ಲಿ ಇರಲಾರದು.

ಮೈಸೂರು ಒಡೆಯರ ‘ಬಿರುದೆಂತೆಂಬರ ಗಂಡ’ ಬಿರುದುಗಳಿಗೇ ಹಾಕಿದ ಸವಾಲು. ನನಗೆ ಇಂಥಿಂಥ ಬಿರುದಿದೆ ಎನ್ನುವವರಿಗೆಲ್ಲ ಗಂಡ ಎಂಬ ಈ ಮಾತು ಹುಟ್ಟಬೇಕಾದರೆ, ನಾಡಿನಲ್ಲಿ ಬಿರುದು ಹೊತ್ತವರು ಎಷ್ಟಿದ್ದಿರಬೇಕು!

ಈ ಬಳ್ಳಿ ಇನ್ನೂ ಹಸಿರಾಗಿದೆ. 1982ರ ‘ಸಾಹಸಸಿಂಹ’ ಚಿತ್ರದ ಹೆಸರು ನಟ ವಿಷ್ಣುವರ್ಧನ್ ಅವರಿಗೆ ಬಿರುದಾಗಿ ನಿಂತಿತು. ಜನರೇ ಅದನ್ನು ಉಳಿಸಿಕೊಂಡರು. ಆದರೆ ಇಂದು ಊರೂರಿನ ಫ್ಲೆಕ್ಸುಗಳಲ್ಲಿ ಹುಲಿ, ಸಿಂಹ, ಸಾಮ್ರಾಟರು ತುಂಬಿದ್ದಾರೆ. ಯಾವ ಕೆಲಸಕ್ಕೆ ಆ ಬಿರುದು ಎಂಬ ಸಾಲು ಮಾತ್ರ ಅಲ್ಲಿಲ್ಲ. ಬಿರುದು ಕೊಡುವ ಸಂಘ ಸಂಸ್ಥೆಗಳು ಚಾವುಂಡರಾಯನ ಕಾಲದ ಪದ್ಧತಿಯನ್ನು ಮರಳಿ ತರಲಿ. ಬಿನ್ನವತ್ತಳೆಯಲ್ಲಿ ಬಿರುದಿನ ಪಕ್ಕದಲ್ಲೇ ಅದನ್ನು ಗಳಿಸಿಕೊಟ್ಟ ಕೆಲಸವನ್ನೂ ಬರೆಯಲಿ.