ಮರೆವಿನ ರೋಗವುಳ್ಳ ಹಿರಿಯರೊಡನೆ ಮಾತುಕತೆ

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ನಮ್ಮಲ್ಲಿ ರೂಢಿಯಲ್ಲಿದೆ. ಇದನ್ನೇ ನಂಬಿ ಎಷ್ಟೋ ಮನೆಗಳಲ್ಲಿ ಹಿರಿಯರ ಮರೆವನ್ನು ವಯೋಸಹಜವೆಂದು ಅಲಕ್ಷಿಸಲಾಗುತ್ತದೆ. ಆದರೆ ನಿತ್ಯದ ಕೆಲಸಗಳಿಗೆ ಅಡ್ಡಿಯಾಗುವಷ್ಟು ನೆನಪು, ಮಾತು ಮತ್ತು ವಿವೇಚನೆ ಕುಂದಿದಲ್ಲಿ ಅದು ಕೇವಲ ಮುಪ್ಪಲ್ಲ. ಡಿಮೆನ್ಷಿಯಾ ಎಂಬ ರೋಗಸ್ಥಿತಿಯಾಗಿರಬಹುದು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನರು ಇದಕ್ಕೆ ಒಳಗಾಗಿದ್ದಾರೆ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಅವರು 1906ರಲ್ಲಿ ವಿವರಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ರೋಗವು ಇದಕ್ಕೆ ಅತಿ ಸಾಮಾನ್ಯವಾದ ಕಾರಣ.

ಈ ರೋಗದಲ್ಲಿ ಸಾಮಾನ್ಯವಾಗಿ ಇತ್ತೀಚಿನ ಸಂಗತಿಗಳು ಮೊದಲು ಮರೆಯುತ್ತವೆ. ಬಾಲ್ಯದ ನೆನಪುಗಳು ಬಹುಕಾಲ ಉಳಿಯುತ್ತವೆ. ಭಾಷೆಯ ವಿಷಯದಲ್ಲಿಯೂ ಹಲವರಲ್ಲಿ ಹೀಗೆಯೇ ಆಗುವುದುಂಟು. ಮುಂಬಯಿಯಲ್ಲಿ ನಲವತ್ತು ವರ್ಷ ನೌಕರಿ ಮಾಡಿದ ಧಾರವಾಡದ ಹಿರಿಯರೊಬ್ಬರು ಹಿಂದಿ, ಮರಾಠಿಗಳಲ್ಲಿ ತಡವರಿಸಿ, ಕನ್ನಡಕ್ಕೆ ಮರಳಬಹುದು. ಮೊಮ್ಮಕ್ಕಳಿಗಾಗಲಿ ಶುಶ್ರೂಷಕರಿಗಾಗಲಿ ಕನ್ನಡ ಬಾರದಿದ್ದಲ್ಲಿ ಅವರು ತಮ್ಮ ಮನೆಯಲ್ಲಿಯೇ ಒಂಟಿಯಾಗುತ್ತಾರೆ. ಆದುದರಿಂದ ಹೊರನಾಡಿನ ಕುಟುಂಬಗಳು ಊಟ, ನೀರು, ನೋವು, ಸ್ನಾನ, ನಿದ್ರೆ ಮೊದಲಾದ ಹತ್ತಾರು ಮಾತುಗಳನ್ನು, ಹಿರಿಯರು ಬಳಸುವ ರೂಪದಲ್ಲಿಯೇ, ಎಲ್ಲರಿಗೂ ಕಲಿಸುವುದು ಅತ್ಯವಶ್ಯಕ.

ಮಾತನಾಡುವ ಮುನ್ನ ದೂರದರ್ಶನವನ್ನು ನಿಲ್ಲಿಸಿ. ಕನ್ನಡಕ, ಶ್ರವಣಯಂತ್ರಗಳು ಸರಿಯಾಗಿವೆಯೇ ಎಂದು ನೋಡಿ. ಎದುರಿಗೆ ಕುಳಿತು, ಎಂದಿನಂತೆ 'ಅಪ್ಪಾ', 'ಅಜ್ಜಿ' ಎಂದು ಕರೆದು, ಒಮ್ಮೆಗೆ ಒಂದೇ ವಿಷಯವನ್ನು ಚಿಕ್ಕ ವಾಕ್ಯದಲ್ಲಿ ಹೇಳಿ. ಉತ್ತರಕ್ಕಾಗಿ ತಾಳ್ಮೆಯಿಂದ ಕಾಯಿರಿ. 'ಏನು ತಿನ್ನುತ್ತೀರಿ?' ಎನ್ನುವುದಕ್ಕಿಂತ 'ಅನ್ನ ಬೇಕೋ, ರೊಟ್ಟಿ ಬೇಕೋ?' ಎನ್ನುವುದು ಸುಲಭ. 'ನಾನು ಯಾರು, ಹೇಳಿ ನೋಡೋಣ' ಎಂದು ಪರೀಕ್ಷಿಸಬಾರದು. 'ಅಪ್ಪಾ, ನಾನು ನಿಮ್ಮ ಮಗಳು' ಎಂದು ನಾವೇ ತಿಳಿಸಬೇಕು. ಅವರ ಎದುರಿನಲ್ಲಿಯೇ, ಅವರಿಲ್ಲವೆಂಬಂತೆ, ಅವರ ಕುಂದುಗಳನ್ನು ಇತರರಿಗೆ ವಿವರಿಸುವುದು ಸಲ್ಲದು.

ಸ್ವಂತ ಮನೆಯಲ್ಲಿದ್ದೂ ಅವರು 'ಮನೆಗೆ ಹೋಗೋಣ' ಎಂದು ಹಟ ಹಿಡಿಯಬಹುದು. ಇಲ್ಲಿ ವಾದದಿಂದ ಪ್ರಯೋಜನವಿಲ್ಲ. ಆ ಮಾತಿನ ಹಿಂದೆ ಹಸಿವು, ಭಯ ಅಥವಾ ತಮ್ಮವರ ಹಂಬಲವಿರಬಹುದು. 'ಊರಿನ ಮನೆ ನೆನಪಾಯಿತೇ? ಹಿತ್ತಲಲ್ಲಿ ಏನೇನಿತ್ತು?' ಎಂದು ಕೇಳಿದಲ್ಲಿ ಮನಸ್ಸು ಶಾಂತವಾಗಬಹುದು. ಮಾತು ಕೈಕೊಟ್ಟಾಗ ಅವರು ಮೆಚ್ಚುತ್ತಿದ್ದ ಹಾಡು, ಹಿಡಿದ ಕೈ ಮತ್ತು ಮೆಲುದನಿ ಅವರನ್ನು ಮುಟ್ಟಬಲ್ಲವು.

ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆಗಳಿಂದಲೂ ಮರೆವುಂಟಾಗಬಹುದು, ಅವುಗಳಿಗೆ ಚಿಕಿತ್ಸೆಯಿದೆ. ಆದುದರಿಂದ ವೈದ್ಯರ ತಪಾಸಣೆಯನ್ನು ತಪ್ಪಿಸಬಾರದು. ಗೊಂದಲವು ಒಮ್ಮೆಲೇ ಹೆಚ್ಚಾದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆರೈಕೆ ಮಾಡುವವರೂ ಬಳಲುತ್ತಾರೆ. ಸಹನೆ ಮೀರುವುದು ಅಪರಾಧವಲ್ಲ. ಅಂಥವರು ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲಿಯೂ ಸಲಹೆ ಪಡೆಯಬಹುದು.

ಹಿರಿಯರು ನಮ್ಮ ಹೆಸರನ್ನು ಮರೆಯಬಹುದು. ನಮ್ಮ ದನಿಯ ಅಕ್ಕರೆ ಆಗಲೂ ಅವರಿಗೆ ತಿಳಿಯಬಲ್ಲದು. ನಮಗೆ ಮಾತು ಕಲಿಸಿದವರೊಡನೆ ಮಾತನ್ನು ನಿಲ್ಲಿಸದಿರುವುದು ನಮ್ಮೆಲ್ಲರ ಕರ್ತವ್ಯ.