ಮುಟ್ಟು ನಿಂತ ಕಾಲದ ಔಷಧ: ಹಿಡಿಯುವುದೇಕೆ, ಬಿಡುವುದೇಕೆ?

ತಮ್ಮ ಮನೆಯೊಳಗೇ ನಡೆಯುತ್ತಿದ್ದರೂ ಗೃಹಸ್ಥರು ವಿಚಾರಿಸದೆ ಬಿಡುವ ಸಂಗತಿಗಳು ಕೆಲವುಂಟು. ಸ್ತ್ರೀಯರಿಗೆ ಮುಟ್ಟು ನಿಲ್ಲುವ ಕಾಲದ ಕ್ಲೇಶವು ಅವುಗಳಲ್ಲೊಂದು. ಋತುವು 12ನೆಯ ವರ್ಷದಿಂದ ತೊಡಗಿ 50ರಲ್ಲಿ ಕ್ಷಯಿಸುವುದೆಂಬ ಸುಶ್ರುತನ ಮಾತನ್ನು ನಾವು ಎಳೆಯ ವಯಸ್ಸಿನಲ್ಲಿಯೇ ಓದಿದ್ದೆವು. ಆದರೆ ಅದರ ಅರ್ಥವು ನಮಗೆ ತಿಳಿದುದು, ನಮ್ಮ ಗೃಹಿಣಿಯು ಮಾಘದ ಚಳಿಯಲ್ಲಿಯೂ ನಡುರಾತ್ರಿ ಬೆವರಿನಿಂದ ತೊಯ್ದು ಎದ್ದು ಕುಳಿತಾಗಲೇ.

ವೈದ್ಯರು ಹಾರ್ಮೋನಿನ ಮಾತ್ರೆಗಳನ್ನು ಕೊಟ್ಟರು. ಕೆಲವು ವಾರಗಳಲ್ಲಿ ನಿದ್ರೆ ಬಂದಿತು. ಅನಂತರ ಒಂದು ದಿನ ಅಡಿಗೆಮನೆಯ ಡಬ್ಬಿಯ ಹಿಂದೆ ಅರ್ಧ ಮುಗಿದ ಮಾತ್ರೆಗಳ ಪಟ್ಟಿಯು ನಮ್ಮ ಕಣ್ಣಿಗೆ ಬಿದ್ದಿತು. "ಏಕೆ ಬಿಟ್ಟೆ?" ಎಂದೆವು. "ಅದರಿಂದ ಕ್ಯಾನ್ಸರ್ ಬರುತ್ತದಂತೆ. ಹೇಳಿದರೆ ನೀವು ಗಾಬರಿಯಾಗುತ್ತೀರೆಂದು ಸುಮ್ಮನಿದ್ದೆ" ಎಂದಳು. ಉರಿಯೂ ಬೆವರೂ ಮರಳಿ ಬಂದಿದ್ದವು. ಅದನ್ನೂ ಆಕೆ ಹೇಳಿರಲಿಲ್ಲ.

ಈ ಭಯದ ಮೂಲವನ್ನು ನೋಡೋಣ. ಅಂಡಾಶಯಗಳಲ್ಲಿ ಹುಟ್ಟುವ ಈಸ್ಟ್ರೋಜೆನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ಕುಗ್ಗುತ್ತದೆ; ಮೈಯ ಉರಿ, ನಿದ್ರಾನಾಶ, ಎಲುಬುಗಳ ಸವೆತ ಇವೆಲ್ಲ ಅದರ ಫಲಗಳು. ಕುಗ್ಗಿದುದನ್ನು ಹೊರಗಿನಿಂದ ತುಂಬುವುದೇ ಈ ಚಿಕಿತ್ಸೆ. ಅಮೆರಿಕದಲ್ಲಿ 1942ರಲ್ಲಿ ಇದರ ಮಾತ್ರೆಯು ಮಾರಾಟಕ್ಕೆ ಬಂದಿತು. ಈಸ್ಟ್ರೋಜೆನ್ ಒಂದನ್ನೇ ಸೇವಿಸಿದರೆ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಹೆಚ್ಚುವುದೆಂದು 1975ರಲ್ಲಿ ಗೊತ್ತಾಯಿತು. ಆದಕಾರಣ ಗರ್ಭಕೋಶವುಳ್ಳವರಿಗೆ ಅದರ ಜೊತೆಗೆ ಪ್ರೊಜೆಸ್ಟೆರಾನಿನ ಜಾತಿಯ ಮತ್ತೊಂದು ಔಷಧವನ್ನೂ ಕೊಡುವ ಪದ್ಧತಿಯಾಯಿತು.

ಈ ಜೋಡಿ ಔಷಧವನ್ನು ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ಸಂಶೋಧನೆಯು 16,608 ಸ್ತ್ರೀಯರಲ್ಲಿ ಪರೀಕ್ಷಿಸಿತು. 2002ರ ಜುಲೈನಲ್ಲಿ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಸ್ತನದ ಕ್ಯಾನ್ಸರ್ ನೂರಕ್ಕೆ 26ರಷ್ಟು ಹೆಚ್ಚಿತೆಂಬ ಸುದ್ದಿಯು ಲೋಕವೆಲ್ಲ ಹರಡಿತು; ಅಸಂಖ್ಯ ಸ್ತ್ರೀಯರು ಔಷಧವನ್ನು ಬಿಟ್ಟರು. ಲೆಕ್ಕವನ್ನು ಬಿಡಿಸಿ ನೋಡಿದರೆ, ವರ್ಷಕ್ಕೆ 10,000 ಸ್ತ್ರೀಯರಲ್ಲಿ 30 ಇದ್ದುದು 38 ಆಗಿತ್ತು. ಪಾರ್ಶ್ವವಾಯು, ಹೃದ್ರೋಗ, ರಕ್ತದ ಹೆಪ್ಪುಗಳೂ ಹೆಚ್ಚಿದ್ದವು. ತೊಡೆಯ ಎಲುಬಿನ ಮುರಿತವು ಕಡಮೆಯಾಗಿತ್ತು. ಇದು ಸುಳ್ಳಲ್ಲ, ಅಲ್ಪವೂ ಅಲ್ಲ. ಆದರೆ ಆ ಸ್ತ್ರೀಯರ ಸರಾಸರಿ ವಯಸ್ಸು 63 ಎಂಬುದನ್ನು ಕೇಳಿದವರು ಕಡಮೆ. 60 ತುಂಬದ, ಅಥವಾ ಮುಟ್ಟು ನಿಂತು 10 ವರ್ಷವಾಗದ, ಕಷ್ಟಪಡುತ್ತಿರುವ ಆರೋಗ್ಯವಂತರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂಬುದು ಈಗಿನ ವೈದ್ಯರ ಮತ.

ಬಿಡುವವರೆಲ್ಲರೂ ಭಯದಿಂದಲೇ ಬಿಡುವುದಿಲ್ಲ. ಕೆಲವರಿಗೆ ರಕ್ತಸ್ರಾವವು ಮರಳುವುದು, ಸ್ತನಗಳು ನೋಯುವುದು. ಕೆಲವರಿಗೆ ಉರಿಯು ತಾನಾಗಿ ಶಮನವಾಗಿ ಔಷಧವೇ ಬೇಡವಾಗುವುದು. ಸ್ತನದ ಕ್ಯಾನ್ಸರ್, ರಕ್ತದ ಹೆಪ್ಪು, ಪಾರ್ಶ್ವವಾಯು ಆದವರೂ, ಯಕೃತ್ತಿನ ರೋಗವುಳ್ಳವರೂ ಸಾಮಾನ್ಯವಾಗಿ ಇದನ್ನು ವರ್ಜಿಸಬೇಕು. ಮುಂದುವರಿಸುವವರಿಗೂ ಕಾರಣವುಂಟು: ಬಿಟ್ಟ ಮೇಲೆ ಸುಮಾರು ಅರ್ಧದಷ್ಟು ಮಂದಿಗೆ ಹಳೆಯ ಕಷ್ಟವು ಮರುಕಳಿಸುತ್ತದೆ. ರಾತ್ರಿಯ ನಿದ್ರೆಯಿಲ್ಲದೆ ಹಗಲಿನ ಸಂಸಾರವನ್ನು ನಡೆಸುವುದು ಎಷ್ಟು ದುಸ್ಸಾಧ್ಯವೆಂಬುದನ್ನು ನಡೆಸುವವರೇ ಬಲ್ಲರು.

ಹಿಡಿಯುವುದೂ ಬಿಡುವುದೂ ದೋಷವಲ್ಲ. ಯಾರಿಗೂ ಹೇಳದೆ ಬಿಡುವುದೂ, ಯಾರನ್ನೂ ಕೇಳದೆ ವರ್ಷಗಟ್ಟಲೆ ನುಂಗುವುದೂ ದೋಷ. ಪ್ರಮಾಣವನ್ನು ತಗ್ಗಿಸಬಹುದು, ಮಾತ್ರೆಗೆ ಬದಲಾಗಿ ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನು ಬಳಸಬಹುದು, ಅದರಲ್ಲಿ ಹೆಪ್ಪಿನ ಭಯವು ಕಡಮೆ. ಇವನ್ನೆಲ್ಲ ವೈದ್ಯರೊಡನೆ ವರ್ಷಕ್ಕೊಮ್ಮೆಯಾದರೂ ಆಲೋಚಿಸಬೇಕು.

ನಮ್ಮ ಗೃಹಿಣಿಯು ಮತ್ತೆ ವೈದ್ಯರ ಬಳಿಗೆ ಹೋದಳು. ನಾವೂ ಜೊತೆಗೆ ಹೋದೆವು. ಆಕೆಯೇ ಪ್ರಶ್ನೆಗಳನ್ನು ಕೇಳಿದಳು, ಆಕೆಯೇ ನಿರ್ಧರಿಸಿದಳು. ಈಗ ಸ್ವಲ್ಪ ಪ್ರಮಾಣದಲ್ಲಿ ಔಷಧವು ನಡೆದಿದೆ. ಡಬ್ಬಿಯ ಹಿಂದೆ ಅಲ್ಲ, ನಮ್ಮ ಕನ್ನಡಕದ ಪಕ್ಕದಲ್ಲಿಯೇ ಇದೆ. ವಾಚಕಮಹಾಶಯರು ತಮ್ಮ ಮನೆಯಲ್ಲಿಯೂ ಒಮ್ಮೆ ವಿಚಾರಿಸಬೇಕೆಂದು ಬೇಡುತ್ತೇವೆ.